ಅಕ್ಷಿಪಟಲ ಫಿಲ್ಮ್ ಅಲ್ಲ

ಮಾನ್ಯ ಸಂಪಾದಕರೇ,

ಕಣ್ಣಿನ ಪಾಠ ಬಂದಾಗಲೆಲ್ಲ ಅಕ್ಷಿಪಟಲವನ್ನು (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರ, ರೆಟಿನಾ) ಕ್ಯಾಮೆರಾ ಫಿಲ್ಮಿಗೆ ಹೋಲಿಸುವುದು ರೂಢಿ. ಫಿಲ್ಮಿನ ಲೇಪ ಎಲ್ಲ ಕಡೆ ಒಂದೇ ಸಮ. ಅಕ್ಷಿಪಟಲದಲ್ಲಿ ಹಾಗಲ್ಲ, ಒಂದೊಂದು ಬಗೆಯ ಕೋಶದ ಹಂಚಿಕೆಯೂ ಬೇರೆ ಬೇರೆ. ಕಾಯಿಲೆಗಳೂ ಈ ಹಂಚಿಕೆಯ ಜಾಡು ಹಿಡಿದೇ ಬರುತ್ತವೆ. ಆದ್ದರಿಂದ ಈ ಹೋಲಿಕೆಯನ್ನು ಕೈಬಿಡುವುದೇ ಒಳ್ಳೆಯದು.

ಬಣ್ಣ, ಸೂಕ್ಷ್ಮ ವಿವರ ಗುರುತಿಸುವ ಕೋನ್ ಕೋಶಗಳು ಒಂದು ಕಣ್ಣಿನಲ್ಲಿ ಸುಮಾರು 46 ಲಕ್ಷ. ನಟ್ಟನಡುವಿನ ಫೋವಿಯಾದಲ್ಲಿ ಅವು ಚದರ ಮಿಲಿಮೀಟರಿಗೆ ಸರಾಸರಿ 2 ಲಕ್ಷದಷ್ಟು ಕಿಕ್ಕಿರಿದಿರುತ್ತವೆ. ಮಬ್ಬು ಬೆಳಕಿಗೆ ಬೇಕಾದ ರಾಡ್ ಕೋಶಗಳು 9 ಕೋಟಿಗೂ ಹೆಚ್ಚಿದ್ದರೂ, ಫೋವಿಯಾದ ನಡುವೆ ಸುಮಾರು 0.35 ಮಿ.ಮೀ. ಅಗಲದಲ್ಲಿ ಒಂದೂ ಇಲ್ಲ. ಅವು ದಟ್ಟವಾಗಿರುವುದು ಅಲ್ಲಿಂದ 4–5 ಮಿ.ಮೀ. ಆಚೆಯ ಉಂಗುರದಲ್ಲಿ. ಮಸುಕಾದ ನಕ್ಷತ್ರ ನೆಟ್ಟ ನೋಟಕ್ಕೆ ಮಾಯವಾಗಿ, ತುಸು ಪಕ್ಕಕ್ಕೆ ನೋಡಿದಾಗ ಕಾಣುವುದು ಇದರಿಂದಲೇ. ಮಿದುಳಿಗೆ ಸಂದೇಶ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಬರೀ 10 ಲಕ್ಷದಷ್ಟು. ಫೋವಿಯಾದಲ್ಲಿ ಒಂದೊಂದು ಕೋನ್‌ಗೂ ಕನಿಷ್ಠ ಒಂದು ಗ್ಯಾಂಗ್ಲಿಯನ್ ಸಿಗುತ್ತದೆ, ಅಂಚಿನಲ್ಲಿ ನೂರಾರು ರಾಡ್‌ಗಳು ಸೇರಿ ಒಂದನ್ನು ಹಂಚಿಕೊಳ್ಳಬೇಕು. ಅಂಚಿನ ನೋಟದಲ್ಲಿ ಅಕ್ಷರ ಓದಲಾಗದಿರುವುದು ಅದಕ್ಕೇ.

ಗ್ಯಾಂಗ್ಲಿಯನ್ ಕೋಶಗಳ ತಂತುಗಳೆಲ್ಲ ಒಟ್ಟುಗೂಡಿ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ರಾಡ್, ಕೋನ್ ಎರಡೂ ಇಲ್ಲ, ಹಾಗಾಗಿ ಅಲ್ಲಿ ಬಿದ್ದ ಬಿಂಬ ಕಾಣುವುದಿಲ್ಲ. ಮಕ್ಕಳಿಗೆ ಇದನ್ನು ಮೇಜಿನ ಮೇಲೆಯೇ ತೋರಿಸಬಹುದು. ಬಿಳಿ ಹಾಳೆಯಲ್ಲಿ ಒಂದು ಗುಣಿಸು ಗುರುತು ಹಾಕಿ, ಅದರ ಬಲಕ್ಕೆ 8 ಸೆಂ.ಮೀ. ದೂರದಲ್ಲಿ, ಅರ್ಧ ಸೆಂ.ಮೀ. ಕೆಳಗೆ, ಒಂದು ರೂಪಾಯಿ ನಾಣ್ಯ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುರುತಿನ ನೇರಕ್ಕೆ 30 ಸೆಂ.ಮೀ. ಮೇಲೆ ತಂದು, ಗುರುತನ್ನೇ ದಿಟ್ಟಿಸಿ. ತಲೆಯನ್ನು ಕೊಂಚ ಮೇಲೆ ಕೆಳಗೆ ಮಾಡಿದರೆ ನಾಣ್ಯ ಕಣ್ಮರೆಯಾಗುತ್ತದೆ. ಆಗದಿದ್ದರೆ, ಹೆಚ್ಚಾಗಿ ದೃಷ್ಟಿ ನಾಣ್ಯದತ್ತ ಜಾರಿರುತ್ತದೆ. ಗಮನಿಸಿ, ಅಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಇಲ್ಲದ್ದನ್ನು ಮಿದುಳು ತುಂಬಿಕೊಳ್ಳುತ್ತದೆ.

ದೃಷ್ಟಿನರ ನಿಧಾನವಾಗಿ ಹಾಳಾಗುವ ಗ್ಲಕೋಮಾದ ರೋಗಿಗೆ ತನ್ನ ದೃಷ್ಟಿನಷ್ಟ ಗೊತ್ತಾಗದಿರುವುದಕ್ಕೂ ಇದೇ ಕಾರಣ. ಗ್ಯಾಂಗ್ಲಿಯನ್ ಕೋಶಗಳು ಸಾಯುತ್ತಾ ಬಂದರೂ ನಡುವಿನ ನೋಟ ಬಹುಕಾಲ ಉಳಿಯುವುದರಿಂದ ಅಕ್ಷರ ಫಲಕದಲ್ಲಿ 6/6 (ಸಹಜ ದೃಷ್ಟಿ) ಬರುತ್ತಲೇ ಇರುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ಶಿಬಿರಗಳಲ್ಲಿ ಅಕ್ಷರ ಓದಿಸಿ ಕನ್ನಡಕ ಕೊಟ್ಟು ಕಳಿಸಿದರೆ ಸಾಲದು. 40 ದಾಟಿದವರಿಗೆ, ಮನೆಯಲ್ಲಿ ಯಾರಿಗಾದರೂ ಗ್ಲಕೋಮಾ ಇದ್ದವರಿಗಂತೂ ತಪ್ಪದೆ, ಕಣ್ಣಿನ ಒತ್ತಡ ಅಳೆದು, ದೃಷ್ಟಿನರದ ಬುಡ ನೋಡಿ, ಅನುಮಾನ ಬಂದರೆ ಒಂದೊಂದೇ ಕಣ್ಣಿನ ದೃಷ್ಟಿಕ್ಷೇತ್ರ (ನೇರ ನೋಡುತ್ತಲೇ ಸುತ್ತ ಎಷ್ಟು ಕಾಣುತ್ತದೆ ಎಂಬ) ಪರೀಕ್ಷೆ ಮಾಡಿಸಬೇಕು. ಹೋದ ಗ್ಯಾಂಗ್ಲಿಯನ್ ಕೋಶಗಳು ಮತ್ತೆ ಹುಟ್ಟುವುದಿಲ್ಲ.

— ಜೀವವಿಜ್ಞಾನ ಶಿಕ್ಷಕರು, ಶಿವಮೊಗ್ಗ