ಕೊಡಗಿನ ಚಳಿ ಮತ್ತು ಮೈಸೆಲ್ ಪ್ರಯೋಗ

ಸಂಪಾದಕರಿಗೆ,

ಸರ್ಫ್ಯಾಕ್ಟೆಂಟ್‌ನಿಂದ ಕಟ್ಟಿದ ಕೃತಕ ಕಿಣ್ವದ ಕ್ರಿಯಾವೇಗ ಅಳೆಯುವುದು ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ವಿಷಯ. ಸರ್ಫ್ಯಾಕ್ಟೆಂಟ್ ಎಂದರೆ ಸಾಬೂನಿನ ಜಾತಿಯ ಅಣುಗಳು; ಅವು ನೀರಿನಲ್ಲಿ ಗುಂಪುಗೂಡಿ ಮೈಸೆಲ್ ಆಗುತ್ತವೆ. ಉದ್ದನೆಯ ಕೊಬ್ಬಿನ ಬಾಲ ಜೋಡಿಸಿದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಅದರೊಳಗೆ ಸೇರಿಕೊಂಡರೆ ಎಸ್ಟರ್ ಒಡೆಯುವ ಕಿಣ್ವದ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಪಿ-ನೈಟ್ರೋಫಿನೈಲ್ ಅಸಿಟೇಟ್ ಎಂಬ ಎಸ್ಟರ್ ಒಡೆದಾಗ ಬರುವ ಹಳದಿ ಬಣ್ಣವನ್ನು, ಬೆಳಕಿನ ಹೀರಿಕೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇಟ್ಟು 400 ನ್ಯಾನೋಮೀಟರ್‌ನಲ್ಲಿ ಓದಿದರಾಯಿತು. ದ್ರಾವಣ ಹಾಕಿ ಓದುವ ಚಿಕ್ಕ ಪಾತ್ರೆ, ಅಂದರೆ ಕ್ಯುವೆಟ್, ಕ್ವಾರ್ಟ್ಸ್‌ನದು ಬೇಡ, ಗಾಜಿನದೇ ಸಾಕು.

ಕೊಡಗಿನಲ್ಲಿ ತೊಡಕಾಗುವುದು ಚಳಿ. ಹೆಚ್ಚು ಬಳಕೆಯ ಸರ್ಫ್ಯಾಕ್ಟೆಂಟ್ ಸಿಟಾಬ್ (CTAB) ಸುಮಾರು 25 ಡಿಗ್ರಿಗಿಂತ ಕೆಳಗೆ ಸರಿಯಾಗಿ ಕರಗಿ ನಿಲ್ಲುವುದಿಲ್ಲ. ಇದೇ ಕ್ರಾಫ್ಟ್ ತಾಪಮಾನ. ಮಡಿಕೇರಿಯಲ್ಲಿ ಮಳೆಗಾಲದ ಹಗಲಲ್ಲೂ ಕೊಠಡಿ 20ರ ಆಸುಪಾಸಿನಲ್ಲಿರುತ್ತದೆ. ಬಿಸಿ ಮಾಡಿ ಕರಗಿಸಿದ ದ್ರಾವಣ ಸ್ವಲ್ಪ ಹೊತ್ತು ತಿಳಿಯಾಗಿದ್ದು, ಓದುತ್ತಿರುವಾಗಲೇ ಸೂಜಿಯಂಥ ಹರಳು ಬಿಡುತ್ತದೆ. ಹರಳು ಬೆಳಕನ್ನು ಚದುರಿಸಿ ಹೀರಿಕೆಯನ್ನು ಏರಿಸುತ್ತದೆ, ಆ ಏರಿಕೆ ಕ್ರಿಯೆಯಂತೆಯೇ ಕಾಣುತ್ತದೆ. ಪತ್ತೆ ಹಚ್ಚುವುದು ಸುಲಭ: ಅದೇ ಕ್ಯುವೆಟ್ಟನ್ನು 600 ನ್ಯಾನೋಮೀಟರ್‌ನಲ್ಲೂ ಓದಿ. ಅಲ್ಲಿ ಹಳದಿ ಬಣ್ಣ ಏನನ್ನೂ ಹೀರುವುದಿಲ್ಲ, ಅಂಕಿ ಸೊನ್ನೆಯಲ್ಲೇ ನಿಲ್ಲಬೇಕು. ಏರಿದರೆ ಆ ಓದು ಬಿಟ್ಟುಬಿಡಿ. ಕ್ಯುವೆಟ್‌ನ ಹೊರಮೈಯಲ್ಲಿ ಕೂತ ಇಬ್ಬನಿಯೂ ಇದೇ ಮೋಸ ಮಾಡುತ್ತದೆ.

ಹಾಗಾಗಿ ವಾಟರ್ ಬಾತ್‌ನಿಂದ ಕ್ಯುವೆಟ್ ಹೋಲ್ಡರ್ ಸುತ್ತ ನೀರು ಹರಿಸಿ 30 ಡಿಗ್ರಿಯಲ್ಲಿಡಿ. 182 ಮಿಲಿಗ್ರಾಂ ಸಿಟಾಬ್ ಅನ್ನು 100 ಮಿಲಿ ಬಫರ್‌ನಲ್ಲಿ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ) ಕರಗಿಸಿದರೆ 5 ಮಿಲಿಮೋಲಾರ್. ಮೈಸೆಲ್ ಕಟ್ಟಲು ಬೇಕಾದ 0.9ಕ್ಕಿಂತ ಸಾಕಷ್ಟು ಮೇಲೆ. ವೇಗವರ್ಧಕ, ಅಂದರೆ ಬಾಲದ ಹಿಸ್ಟಿಡಿನ್, 0.5 ಮಿಲಿಮೋಲಾರ್, ಪಿಎಚ್ 8. ಎಸ್ಟರ್ 9 ಮಿಲಿಗ್ರಾಂ ತೂಗಿ 10 ಮಿಲಿ ಒಣ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ, ಅದರ 30 ಮೈಕ್ರೋಲೀಟರನ್ನು 2.97 ಮಿಲಿ ದ್ರಾವಣಕ್ಕೆ ಹಾಕಿ. ಕ್ಯುವೆಟ್ ಕುಲುಕಬೇಡಿ, ನೊರೆ ಬರುತ್ತದೆ. ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲನೆ ಕಲಕಿ. ಎಸ್ಟರ್ ಸೀಸೆ ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆದರೆ ನಮ್ಮ ತೇವದ ಗಾಳಿ ಒಳಗೆ ನೀರಾಗಿ ಇಳಿಯುತ್ತದೆ. ಕೊಠಡಿಯ ಬಿಸಿಗೆ ಬಂದಮೇಲೆ ಮುಚ್ಚಳ ತೆಗೆಯಿರಿ.

ಕೊನೆಯ ಹೀರಿಕೆಗೆ ಹತ್ತು ಅರ್ಧಾಯು (ಉಳಿದ ಎಸ್ಟರ್‌ನ ಅರ್ಧ ಒಡೆಯಲು ಬೇಕಾದ ಹೊತ್ತು) ಕಾಯಬೇಕು. ಅದರಿಂದ ಆಯಾ ಹೊತ್ತಿನ ಹೀರಿಕೆ ಕಳೆದು, ಲಾಗ್ ತೆಗೆದು, ಸಮಯದ ಎದುರು ಬರೆದರೆ ಕನಿಷ್ಠ ಮೂರು ಅರ್ಧಾಯುಗಳವರೆಗೆ ನೇರ ಗೆರೆ ಸಿಗಬೇಕು. ಬಫರ್ ಒಂದರದೇ ವೇಗ, ಬಫರ್ ಮತ್ತು ಸಿಟಾಬ್‌ನ ವೇಗ, ಇವೆರಡನ್ನೂ ಬೇರೆಯಾಗಿ ಅಳೆಯದೆ ವೇಗವರ್ಧನೆ ಎಷ್ಟು ಪಟ್ಟು ಎಂದು ಬರೆಯುವುದು ತಪ್ಪು. ಬಫರ್‌ನಲ್ಲಿ ಕ್ರಿಯೆ ತೀರಾ ನಿಧಾನ, ಮುಗಿಯುವತನಕ ಕಾಯದೆ ಆರಂಭಿಕ ವೇಗ ತೆಗೆದುಕೊಳ್ಳಿ. ಟ್ರಿಸ್ ಬಫರ್‌ನ ಅಮೀನ್ ತಾನೇ ಎಸ್ಟರ್ ಮೇಲೆ ಬೀಳುತ್ತದೆ, ಅದು ಬೇಡ. ಸಿಟಾಬ್ ಬದಲು ಎಸ್‌ಡಿಎಸ್ (SDS) ಎಂಬ ಸರ್ಫ್ಯಾಕ್ಟೆಂಟ್ ಬಳಸುವವರು ಪೊಟ್ಯಾಸಿಯಂ ಫಾಸ್ಫೇಟ್ ಮುಟ್ಟಬಾರದು, ಬಿಳಿ ಗಸಿ ಕೂರುತ್ತದೆ. ಸೋಡಿಯಂ ಫಾಸ್ಫೇಟೇ ಆಗಬೇಕು. ಸಿಟಾಬ್ ಹೆಚ್ಚಿಸುತ್ತಾ ಹೋದರೆ ವೇಗ ಏರಿ ಮತ್ತೆ ಇಳಿದೀತು. ಅದು ಅಳತೆಯ ತಪ್ಪಲ್ಲ. ಮೈಸೆಲ್‌ಗಳ ಸಂಖ್ಯೆ ಹೆಚ್ಚಿದಂತೆ ಎಸ್ಟರ್ ಮತ್ತು ವೇಗವರ್ಧಕ ಬೇರೆ ಬೇರೆ ಮೈಸೆಲ್‌ಗಳಿಗೆ ಹಂಚಿಹೋಗುತ್ತವೆ, ಬ್ರೋಮೈಡ್ ಕೂಡ ಹೈಡ್ರಾಕ್ಸೈಡನ್ನು ಮೈಸೆಲ್‌ನ ಮೇಲ್ಮೈಯಿಂದ ತಳ್ಳುತ್ತದೆ.

ಇನ್ನೊಂದು ಮಾತು ಒತ್ತಿ ಹೇಳಬೇಕು. ವೇಗವರ್ಧಕವೇ ಎಸ್ಟರ್‌ನ ಹತ್ತು ಪಟ್ಟು ಇರುವ ಮೇಲಿನ ಅಳತೆ ಹಿಸ್ಟಿಡಿನ್‌ಗೆ ಅಸಿಟೈಲ್ ಅಂಟುವ ವೇಗವನ್ನಷ್ಟೇ ಹೇಳುತ್ತದೆ. ಕಿಣ್ವ ಎನ್ನಬೇಕಾದರೆ ಅಂಟಿದ್ದು ಬಿಟ್ಟು, ಅದೇ ಅಣು ಮತ್ತೆ ಕೆಲಸಕ್ಕೆ ಬರಬೇಕು. ಎಸ್ಟರ್ ವೇಗವರ್ಧಕದ ಹತ್ತು ಪಟ್ಟು ಇರುವಂತೆ ಮಾಡಿ ಇನ್ನೊಮ್ಮೆ ಅಳೆಯಿರಿ. ಮೊದಲು ಜಿಗಿದು ಆಮೇಲೆ ಸಪಾಟಾದರೆ ವೇಗವರ್ಧಕ ಒಂದೇ ಸುತ್ತಿಗೆ ನಿಂತಿದೆ ಎಂದರ್ಥ.

ಜಿಲ್ಲೆಯ ಕಾಲೇಜುಗಳು ಹೊಸ ಉಪಕರಣ ಕೊಳ್ಳುವಾಗ ನೀರು ಹರಿಸುವ ವಾಟರ್ ಬಾತ್ ಮತ್ತು ಯುಪಿಎಸ್ ಮೊದಲು ಕೊಳ್ಳಲಿ. ಕರೆಂಟ್ ಹೋಗಿ ಬಂದಮೇಲೆ ಸ್ಪೆಕ್ಟ್ರೋಫೋಟೋಮೀಟರ್‌ನ ದೀಪ ಸ್ಥಿರವಾಗಲು ಅರ್ಧ ಗಂಟೆ ಬೇಕು, ಮಳೆಗಾಲದಲ್ಲಿ ಅಷ್ಟರೊಳಗೆ ಮತ್ತೆ ಹೋಗಿರುತ್ತದೆ. ಪ್ರಾಜೆಕ್ಟ್ ತಿದ್ದುವವರು ತಾಪಮಾನ ಬರೆಯದ ವೇಗಾಂಕವನ್ನು ಒಪ್ಪದೆ ವಾಪಸ್ ಕಳಿಸಲಿ.

— ರಸಾಯನಶಾಸ್ತ್ರ ಅಧ್ಯಾಪಕರಿಬ್ಬರು, ಮಡಿಕೇರಿ