ಕುಷ್ಠರೋಗದ ಮಾತ್ರೆ ನಡುವೆ ನಿಲ್ಲಿಸಬೇಡಿ

ಮಾನ್ಯರೇ,

ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ತೋರಿಸಿಕೊಳ್ಳಿ ಎಂಬ ಪ್ರಚಾರ ಊರೂರಿಗೂ ತಲುಪಿದೆ. ಮಾತ್ರೆ ಶುರುವಾದ ಮೇಲೇನು ಎಂಬುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ.

ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಒಂದು ಪ್ಯಾಕ್ 28 ದಿನಕ್ಕೆ. ಮಚ್ಚೆಗಳು ಐದರೊಳಗಿದ್ದರೆ ಸಾಮಾನ್ಯವಾಗಿ 6 ಪ್ಯಾಕ್, ಹೆಚ್ಚಿದ್ದರೆ 12. ಹನ್ನೆರಡರ ಕೋರ್ಸಿನಲ್ಲಿ ವಯಸ್ಕರು ತಿಂಗಳಿಗೊಮ್ಮೆ ಸಿಬ್ಬಂದಿಯ ಎದುರೇ ರಿಫಾಂಪಿಸಿನ್ 600, ಕ್ಲೋಫಜಿಮಿನ್ 300 ಮಿ.ಗ್ರಾಂ. ನುಂಗಬೇಕು, ಮನೆಯಲ್ಲಿ ದಿನವೂ ಡ್ಯಾಪ್ಸೋನ್ 100, ಕ್ಲೋಫಜಿಮಿನ್ 50. ಹಿಂದೆ ಡ್ಯಾಪ್ಸೋನ್ ಒಂದನ್ನೇ ನೆಚ್ಚಿಕೊಂಡಿದ್ದರಿಂದ ರೋಗಾಣು ಅದಕ್ಕೆ ಜಗ್ಗದಾಯಿತು. ಅದಕ್ಕೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಗಳನ್ನು ಕೂಡಿಸಿ ಕೊಡಲು ಸೂಚಿಸಿತು.

ಜನ ಮಾತ್ರೆ ಬಿಡುವುದು ಹೆದರಿಕೆಯಿಂದ. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಅದು ರಕ್ತವಲ್ಲ. ಕ್ಲೋಫಜಿಮಿನ್‌ನಿಂದ ಮೈ ಕಪ್ಪಾಗುತ್ತದೆ. ಕೋರ್ಸ್ ಮುಗಿದ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. (ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಮನೆಯಲ್ಲಿ ಇದನ್ನು ಮೊದಲೇ ಹೇಳದಿದ್ದರೆ ಮಾತ್ರೆ ತಿಪ್ಪೆ ಸೇರುತ್ತದೆ.) ಡ್ಯಾಪ್ಸೋನ್‌ನಿಂದ ಮೈಯೆಲ್ಲ ಗಂದೆ, ಜ್ವರ ಬಂದರೆ ಮಾತ್ರ ಅದನ್ನು ನಿಲ್ಲಿಸಿ ತಕ್ಷಣ ವೈದ್ಯರ ಬಳಿ ಹೋಗಬೇಕು. ಮಚ್ಚೆ ಊದಿ, ನರ ನೋಯತೊಡಗಿದರೆ ಅದು ರಿಯಾಕ್ಷನ್, ಅಂದರೆ ಮಾತ್ರೆಯ ದೋಷವಲ್ಲ, ರೋಗಾಣುವಿನ ವಿರುದ್ಧ ದೇಹವೇ ತೋರುವ ಪ್ರತಿಕ್ರಿಯೆ. ಮಾತ್ರೆ ಮುಂದುವರಿಸುತ್ತಲೇ ಊತ ತಗ್ಗಿಸುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಬೇಕಾಗುತ್ತದೆ. ತಡವಾದರೆ ಬೆರಳು ಮಡಚಿಕೊಳ್ಳುತ್ತದೆ, ಪಾದ ಜೋತುಬೀಳುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ನೂಲು ಬಿಚ್ಚಿಸುವ ಮಾಲೀಕರಿಗೆ ಇನ್ನೊಂದು ಮಾತು. ಕೈ ಮರಗಟ್ಟಿದ ಕೆಲಸಗಾರರಿಗೆ ಗೂಡು ಬೇಯಿಸುವ ಬಿಸಿನೀರು ಸುಟ್ಟದ್ದೇ ತಿಳಿಯದು. ಅವರಿಗೆ ಬೇರೆ ಕೆಲಸ ಕೊಡಿ, ಕೆಲಸದಿಂದ ತೆಗೆಯಬೇಡಿ. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಅವರಿಂದ ರೋಗ ಹರಡುವುದು ನಿಲ್ಲುತ್ತದೆ.

– ಕುಷ್ಠರೋಗ ನಿಯಂತ್ರಣದ ನಿವೃತ್ತ ಕಾರ್ಯಕರ್ತರು, ಚಿಕ್ಕಬಳ್ಳಾಪುರ ಜಿಲ್ಲೆ