ಹಾಲು ಕುಡಿದರೆ ಊಟ ಆದ ಹಾಗಲ್ಲ

ಮಾನ್ಯ ಸಂಪಾದಕರೇ,

ಮಕ್ಕಳ ಊಟದ ಬಗ್ಗೆ ಬರುವ ಲೇಖನಗಳು ಹೆಚ್ಚಾಗಿ ಮೊದಲ ಹುಟ್ಟುಹಬ್ಬಕ್ಕೇ ಮುಗಿದುಹೋಗುತ್ತವೆ. ಆರು ತಿಂಗಳಿಗೆ ಏನು ಕೊಡಬೇಕು, ಎಂಟಕ್ಕೆ ಏನು ಕೊಡಬೇಕು, ಎಲ್ಲ ಇರುತ್ತದೆ. ಆಮೇಲೆ ‘ಮಗು ಮನೆಯವರ ಜೊತೆ ಉಣ್ಣಬಹುದು’ ಅಂತ ಒಂದೇ ಸಾಲು. ನಮ್ಮ ಮನೆಯ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಮೊಮ್ಮಗಳಿಗೆ ಈಗ ಒಂದೂಮುಕ್ಕಾಲು ವರ್ಷ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲಿನ ಊಟದ ಡ್ಯೂಟಿ ನನ್ನದು. ವರ್ಷ ತುಂಬುವವರೆಗೆ ಬಟ್ಟಲು ಖಾಲಿ ಮಾಡುತ್ತಿದ್ದವಳು 13ನೇ ತಿಂಗಳಿಗೆ ಬಾಯಿ ಬಿಗಿಹಿಡಿದಳು. ನಾಲ್ಕು ತುತ್ತು ಆಯಿತೋ ಇಲ್ಲವೋ, ಮುಖ ಆ ಕಡೆ. ಟಿ.ವಿ. ಹಾಕಿದೆ, ಕಾಗೆ ತೋರಿಸಿದೆ, ಚಮಚವನ್ನು ವಿಮಾನ ಮಾಡಿ ಹಾರಿಸಿದೆ. ಯಾವುದೂ ನಡೆಯದಿದ್ದಾಗ ಹಾಲಿನ ಬಾಟಲಿ. ಹೊಟ್ಟೆಗೆ ಏನೋ ಒಂದು ಹೋಯಿತಲ್ಲ ಅಂತ ಸಮಾಧಾನ. ಹೀಗೆ ದಿನಕ್ಕೆ ಐದು ಬಾಟಲಿ, ಹತ್ತಿರ ಹತ್ತಿರ ಒಂದು ಲೀಟರ್. ಲೆಕ್ಕ ಹಾಕಿದ್ದು ಆಮೇಲೆ.

ಕೆನ್ನೆ ತುಂಬಿಕೊಂಡೇ ಇತ್ತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಲಸಿಕೆಗೆ ಹೋದಾಗ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್, ಅಂದರೆ ಕಬ್ಬಿಣ ಇದ್ದರೆ ಮಾತ್ರ ಆಗುವ ರಕ್ತದ ಕೆಂಪು ಅಂಶ, ಕಡಿಮೆ. “ಎಷ್ಟು ಹಾಲು ಕುಡೀತಾಳೆ?” ಅಂತ ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ!

ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬಿಸಿ, ಕಬ್ಬಿಣ ಇರುವ ಊಟಕ್ಕೆ ಜಾಗವೇ ಇಲ್ಲದ ಹಾಗೆ ಮಾಡುತ್ತದೆ. ಸಾಲದ್ದಕ್ಕೆ, ತಿಂದ ಚೂರುಪಾರು ಊಟದ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದರ ಕ್ಯಾಲ್ಸಿಯಂ ಅಡ್ಡಿ. ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿ.ಲೀ. ಸಾಕು. ತಾಯಿಹಾಲಿನ ಮಾತು ಬೇರೆ, ಅದನ್ನು ಎರಡು ವರ್ಷ ಮತ್ತು ಆಮೇಲೂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನನ್ನದು ಬಾಟಲಿಯ ಕಥೆ.

ಇನ್ನೊಂದು, ಅವಳ ಹಸಿವು ಕಡಿಮೆಯಾಗಿದ್ದು ರೋಗವೇ ಅಲ್ಲ. ಮೊದಲ ವರ್ಷದಲ್ಲಿ ಮಗು ಹುಟ್ಟಿದ ತೂಕದ ಸುಮಾರು ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಪೂರ್ತಿ ಸೇರಿದರೂ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಬೆಳೆಯುವ ವೇಗ ಇಳಿದರೆ ಹಸಿವೂ ಇಳಿಯಬೇಕು ಅಲ್ವಾ? ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ವಿಮಾನ ಹಾರಿಸುತ್ತಿರಲಿಲ್ಲ.

ಈಗ ಬಾಟಲಿ ಅಟ್ಟ ಸೇರಿದೆ. ಹಾಲು ಲೋಟದಲ್ಲಿ, ಅದೂ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಡ್ರಾಪ್ಸ್ ಹಾಕುತ್ತಿದ್ದೇವೆ. ಟಿ.ವಿ. ಬಂದ್. ಅವಳಿಗೆ ಅವಳದೇ ತಟ್ಟೆ. ಬೆಂದ ಕಾಳನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿ, ಒಂದು ಬಾಯಿಗೆ, ಒಂದು ನೆಲಕ್ಕೆ. ಮೊನ್ನೆ ಮೂರು ಕಾಳು ನನ್ನ ಕನ್ನಡಕದ ಡಬ್ಬಿಯಲ್ಲಿ ಸಿಕ್ಕವು. ಮೊಟ್ಟೆಯನ್ನು ಎಂಟು ಸಲ ಉಗಿದಳು, ಒಂಬತ್ತನೇ ಸಲ ಸುಮ್ನೆ ನುಂಗಿದಳು. ದ್ರಾಕ್ಷಿಯನ್ನು ಮಾತ್ರ ಉದ್ದಕ್ಕೆ ಸೀಳಿಯೇ ಕೊಡುತ್ತೇನೆ. ಇಡೀ ಹಣ್ಣು, ಇಡೀ ಬೀಜ ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ.

ಎಷ್ಟು ತಿನ್ನಬೇಕು ಅನ್ನುವುದು ಅವಳಿಗೆ ಬಿಟ್ಟಿದ್ದು. ಇಪ್ಪತ್ತು ನಿಮಿಷ ಆದ ಮೇಲೆ ನಾನು ಮಾತಾಡದೆ ತಟ್ಟೆ ಎತ್ತುತ್ತೇನೆ. ಮೊದಲ ವಾರ ನನ್ನ ಕೈಗೆ ಇದು ಬಹಳ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದವರು “ಮಗು ಸೊರಗಿದೆ” ಅಂದಾಗಲಂತೂ ಬಾಟಲಿ ಇಳಿಸಿಬಿಡೋಣ ಅನಿಸುತ್ತಿತ್ತು.

ಮುಂದಿನ ಸಲ ಮಕ್ಕಳ ಆರೋಗ್ಯದ ಪುಟ ಮಾಡುವಾಗ 12ರಿಂದ 24 ತಿಂಗಳಿನವರಿಗೆ ದಯವಿಟ್ಟು ಅರ್ಧ ಪುಟವಾದರೂ ಕೊಡಿ.

ಇತಿ,
ಒಬ್ಬ ಅಜ್ಜ